ಹಾಳಾದ ಹೊತ್ತಿಗೆ ಅರ್ಜಿ ಬರೆಯುವುದು ಹೇಗೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಹೊಲಮನೆಗಳ ಪರಿಹಾರದ ಕಾಗದಗಳನ್ನು ಹೊಡೆದು ಹೊಡೆದು ನನ್ನ ಕೀಬೋರ್ಡಿನ ಅರ್ಧ ಅಕ್ಷರಗಳು ಅಳಿಸಿಹೋಗಿವೆ. ಕೋರ್ಟು ಎಂದರೆ ಈ ಊರಿನವರಿಗೆ ಅಪ್ಪ ಹಾಕಿದ ದಾವೆಗೆ ಮಗ ತಾರೀಖು ಕೇಳುತ್ತ ಅಲೆಯುವ ಜಾಗ. ಅಂಥದ್ದರಲ್ಲಿ ಹೋದ ಬೇಸಿಗೆಯಲ್ಲಿ ಹೈಸ್ಕೂಲಿನ ಮಾಸ್ತರರೊಬ್ಬರು ಬಂದು, "ಅಕ್ಕಾ, ನನ್ನ ಮೂರು ದಿನ ಹಾಳಾಗಿವೆ, ಅದಕ್ಕೊಂದು ದೂರು ಬರೆದುಕೊಡಿ" ಎಂದರೆ ನಗದೆ ಏನು ಮಾಡಲಿ?

ಅವರು ಮೊಬೈಲ್ ತೆಗೆದು ಸುದ್ದಿ ತೋರಿಸಿದರು. ಬೆಂಗಳೂರಿನ ಒಬ್ಬರು 2023ರ ಡಿಸೆಂಬರಿನಲ್ಲಿ ಮಲ್ಟಿಪ್ಲೆಕ್ಸ್‌ಗೆ ಸಿನಿಮಾ ನೋಡಲು ಹೋಗಿದ್ದರು. ಟಿಕೆಟ್ಟಿನಲ್ಲಿ ಇದ್ದದ್ದು 4:05, ಸಿನಿಮಾ ಶುರುವಾದದ್ದು 4:30ಕ್ಕೆ. ನಡುವೆ ಬರೀ ಜಾಹೀರಾತು. 6:30ಕ್ಕೆ ಮುಗಿಸಿ ಕೆಲಸಕ್ಕೆ ಮರಳಬೇಕಿದ್ದ ಅವರ ಲೆಕ್ಕ ತಪ್ಪಿತು. ದೂರು ಕೊಟ್ಟರು. 2025ರ ಫೆಬ್ರುವರಿಯಲ್ಲಿ ಗ್ರಾಹಕರ ಆಯೋಗ, ಈ ಕಾಲದಲ್ಲಿ ಸಮಯವೂ ಹಣವೇ, ಪುರುಸೊತ್ತಿಲ್ಲದ ಜನರನ್ನು ಇಷ್ಟು ಹೊತ್ತು ಸುಮ್ಮನೆ ಕೂರಿಸುವ ಹಕ್ಕು ಯಾರಿಗೂ ಇಲ್ಲ ಎಂಬ ಅರ್ಥದ ಆದೇಶ ಕೊಟ್ಟು, ದೂರುದಾರರಿಗೆ ಪರಿಹಾರದ ಜೊತೆಗೆ ಗ್ರಾಹಕರ ಕಲ್ಯಾಣ ನಿಧಿಗೆ 1 ಲಕ್ಷ ರೂಪಾಯಿ ಕಟ್ಟಲು ಹೇಳಿತು.

ಮಾಸ್ತರರು ಅಲ್ಲಿಗೇ ಓದು ನಿಲ್ಲಿಸಿದ್ದರು. ಮುಂದಿನ ತಿಂಗಳೇ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಒಬ್ಬರ ದೂರನ್ನು ಆಯೋಗ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಂತೆ ನಡೆಸಿದೆ ಎಂಬುದು ಅದರ ಆಕ್ಷೇಪ. ಆದ್ದರಿಂದ ಮೊದಲ ಕೆಲಸ ಇದು: ಪೇಪರಿನ ತುಣುಕು ಹಿಡಿದು ಬರುವ ಮುಂಚೆ ಸುದ್ದಿಯ ಬಾಲವನ್ನೂ ಓದಿ. ಇನ್ನೊಂದನ್ನೂ ಓದಿ. ಮಥುರಾದ ವಕೀಲರೊಬ್ಬರಿಂದ 1999ರಲ್ಲಿ ರೈಲ್ವೆ ಟಿಕೆಟ್ಟಿಗೆ 20 ರೂಪಾಯಿ ಹೆಚ್ಚು ತೆಗೆದುಕೊಂಡಿದ್ದರು. ನೂರಕ್ಕೂ ಹೆಚ್ಚು ತಾರೀಖುಗಳ ನಂತರ 2022ರಲ್ಲಿ ಅವರು ಗೆದ್ದರು. ಆ 20 ರೂಪಾಯಿಗೆ ವರ್ಷಕ್ಕೆ ಶೇ. 12ರ ಬಡ್ಡಿ, ಮೇಲೆ 15,000 ರೂಪಾಯಿ ಬಂತು. ಹಾಳಾದ ಹೊತ್ತಿಗಾಗಿ ಎಷ್ಟು ಹೊತ್ತು ಹಾಳುಮಾಡಿಕೊಳ್ಳಲು ತಯಾರಿದ್ದೀರಿ ಎಂದು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಬನ್ನಿ.

ಇನ್ನು ಬರೆಯುವ ಬಗೆ. ಮಾಸ್ತರರು ಏರ್ ಕೂಲರ್ ಕೊಂಡಿದ್ದರು. ಹದಿನೈದೇ ದಿನಕ್ಕೆ ಪಂಪು ನೀರು ಎತ್ತುವುದನ್ನು ಬಿಟ್ಟಿತು. "ನಾಳೆ ಹತ್ತಕ್ಕೆ ಹುಡುಗ ಬರುತ್ತಾನೆ" ಎಂಬ ಮಾತು ನಂಬಿ ಮೂರು ಸಲ ರಜೆ ಹಾಕಿ ಕೂತರು, ಹುಡುಗ ಬರಲಿಲ್ಲ. ನನಗೆ ಅವರು ಹೇಳಿ ಬರೆಸಿದ ಮೊದಲ ಸಾಲು: "ಸದರಿ ಎದುರುದಾರರು ನನ್ನ ಅಮೂಲ್ಯವಾದ ಸಮಯವನ್ನು ಅನೇಕ ಬಾರಿ ವ್ಯರ್ಥಗೊಳಿಸಿ..." ಅಳಿಸಿಹಾಕಿದೆ. ಅಮೂಲ್ಯ ಎಂದರೆ ಬೆಲೆ ಕಟ್ಟಲಾಗದ್ದು. ಬೆಲೆ ಕಟ್ಟಲಾಗದ್ದಕ್ಕೆ ಪರಿಹಾರ ಹೇಗೆ ಕೇಳುತ್ತೀರಿ? ಅನೇಕ ಬಾರಿ ಎಂದರೆ ಎಷ್ಟು ಬಾರಿ? ಬೆಂಗಳೂರಿನವರ ದೂರಿನ ಜೀವ ಇದ್ದದ್ದು ಆ 4:05 ಮತ್ತು 4:30ರಲ್ಲಿ. ಅವರು ಜಾಹೀರಾತುಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು.

ಮಾಸ್ತರರ ಮೊಬೈಲಿನಲ್ಲಿ ಹುಡುಕಿದೆವು. ಮೂರೂ ದಿನಗಳ ಕರೆಗಳು ಸಿಕ್ಕವು, "ಸರ್ ಆನ್ ದ ವೇ" ಎಂಬ ವಾಟ್ಸಾಪ್ ಸಂದೇಶ ಸಿಕ್ಕಿತು, ಶಾಲೆಯಿಂದ ರಜೆ ಅರ್ಜಿಯ ಪ್ರತಿ ತರಿಸಿದೆವು. ಈಗ ದೂರು ತಾನಾಗಿಯೇ ಬರೆಯಿಸಿಕೊಂಡಿತು: ಯಾವ ತಾರೀಖು ಏನು ಕೊಂಡೆ, ಎಷ್ಟು ಕೊಟ್ಟೆ, ಯಾವಾಗ ಕೆಟ್ಟಿತು, ಯಾವ ದಿನ ಎಷ್ಟು ಗಂಟೆಗೆ ಬರುತ್ತೇನೆಂದು ಯಾರು ಹೇಳಿದರು, ನಾನು ಎಷ್ಟರವರೆಗೆ ಕಾದೆ. ಒಂದು ಸಂಗತಿಗೆ ಒಂದು ಪ್ಯಾರಾ. ಕೊನೆಯಲ್ಲಿ ಬೇಕಾದದ್ದೇನು ಎಂದು ನೇರವಾಗಿ: ರಿಪೇರಿಯೋ, ಹಣ ವಾಪಸೋ, ಪರಿಹಾರ ಎಷ್ಟೋ. ಮಾಸ್ತರರು ಐದು ಲಕ್ಷ ಎಂದರು. ಕೂಲರಿನ ಬೆಲೆ ನೋಡಿಕೊಂಡು ಕೇಳಿ ಎಂದೆ. ಸಿಟ್ಟು ಬಂತು ಅವರಿಗೆ.

ಬಿಲ್ಲಿನ ಬಗ್ಗೆ ಎರಡು ಮಾತು. ಈಗಿನ ಬಿಲ್ಲುಗಳು ಬಿಸಿಗೆ ಮೂಡುವ ಕಾಗದದವು. ನಮ್ಮ ಏಪ್ರಿಲ್ ಬಿಸಿಲಿಗೆ ಬೀರುವಿನೊಳಗೇ ಬಿಳುಚಿಕೊಳ್ಳುತ್ತವೆ. ನನ್ನದೇ ಗ್ರೈಂಡರ್ ಕೆಟ್ಟಾಗ ತೆಗೆದು ನೋಡಿದರೆ ಕೈಯಲ್ಲಿ ಖಾಲಿ ಚೀಟಿ. ಅಂಗಡಿಯವನು, "ಯಾವ ಗ್ರೈಂಡರ್ ಅಕ್ಕಾ?" ಎಂದ. ಕೊಂಡ ದಿನವೇ ಝೆರಾಕ್ಸ್ ಮಾಡಿಸಿ. ಝೆರಾಕ್ಸ್ ಅಂಗಡಿಯವಳ ಬಾಯಲ್ಲಿ ಈ ಮಾತು ಸ್ವಾರ್ಥದಂತೆ ಕೇಳಿಸಿದರೆ ಫೋಟೊ ತೆಗೆದಿಟ್ಟುಕೊಳ್ಳಿ, ನನ್ನ ಎರಡು ರೂಪಾಯಿ ಹೋಯಿತು ಅಷ್ಟೇ.

ಕಾನೂನಿನ ಭಾಗ ಜನ ಹೆದರುವಷ್ಟು ದೊಡ್ಡದಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿ ದೆಹಲಿಯಲ್ಲಿದ್ದರೂ ಬಾಗಲಕೋಟೆ ಸಾಕು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ಇಳಕಲ್ಲಿನಿಂದ ಬಂದ ಟೇಲರ್ ಒಬ್ಬಳು, "ಹೊಲಿಗೆ ಮಷೀನು ದಂಧೆಗೆ ಕೊಂಡದ್ದು, ನಾನು ಗ್ರಾಹಕಳಲ್ಲವಂತೆ" ಎಂದು ಕಣ್ಣೀರು ಹಾಕಿದ್ದಳು. ಯಾರೋ ತಪ್ಪು ಹೇಳಿದ್ದರು. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡರೆ ಅವಳೂ ಗ್ರಾಹಕಳೇ.

ಆದರೆ ಆಯೋಗಕ್ಕೆ ಹೋಗುವ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಂಗಡಿಗೂ ಕಂಪನಿಗೂ ಒಂದೊಂದು ನೋಟಿಸು ಕಳಿಸಿ. ನೋಟಿಸು ಕಡ್ಡಾಯವೇನಲ್ಲ, ಆದರೂ ಅರ್ಧ ಜಗಳ ಅಲ್ಲೇ ಮುಗಿಯುವುದನ್ನು ನೋಡಿದ್ದೇನೆ. ರಿಜಿಸ್ಟರ್ಡ್ ಪೋಸ್ಟ್ ಹುಡುಕಿಕೊಂಡು ಹೋಗಬೇಡಿ. 2025ರಲ್ಲಿ ಅದು ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ. ರಸೀದಿಯನ್ನು ದೂರಿನ ಜೊತೆಗೇ ಪಿನ್ನು ಹೊಡೆದಿಡಿ. ಅದಕ್ಕೂ ಬಗ್ಗದಿದ್ದರೆ ದೂರು, ಪ್ರಮಾಣಪತ್ರ (ಅಫಿಡವಿಟ್), ದಾಖಲೆಗಳ ಪ್ರತಿಗಳನ್ನು ಆಯೋಗದ ಕಚೇರಿಗೆ ಕೊಡಿ, ಇಲ್ಲವೇ ಇ-ಜಾಗೃತಿ ಜಾಲತಾಣದಲ್ಲಿ ಕೂತಲ್ಲಿಂದಲೇ ಸಲ್ಲಿಸಿ.

ಮಾಸ್ತರರ ನೋಟಿಸು ಹೊರಟ ನಾಲ್ಕನೆಯ ದಿನ ಹುಡುಗ ಬಂದ. ಹತ್ತಕ್ಕೆ ಎಂದಿದ್ದವನು ಒಂಬತ್ತೂವರೆಗೇ ಬಂದು ಬಾಗಿಲು ತಟ್ಟಿದನಂತೆ. ಮಾಸ್ತರರು ಸ್ನಾನದಲ್ಲಿದ್ದರು, ಹತ್ತು ನಿಮಿಷ ಹೊರಗೆ ಕಾಯಿಸಿದರು. ಸಂಜೆ ಅಂಗಡಿಗೆ ಬಂದು ಅದನ್ನು ಎರಡೆರಡು ಸಲ ಹೇಳಿದರು. ಟೈಪು ಮಾಡಿದ ದೂರನ್ನು ಅಳಿಸಲೇ ಎಂದು ಕೇಳಿದೆ.

"ಬೇಡ ಅಕ್ಕಾ, ಇರಲಿ. ಮುಂದಿನ ಬೇಸಿಗೆಯೂ ಆ ಎರಡು ವರ್ಷದೊಳಗೇ ಬರುತ್ತದಲ್ಲ?"