ಫೋಟೊಗ್ರಫಿ ಕಲಿಯಬೇಕಾ? ಬೆಳಿಗ್ಗೆ ಬೇಗ ಎದ್ದು ಮಲ್ಪೆಗೆ ಹೋಗಿ

ಸಂಜೆ ಐದೂವರೆ ಆದರೆ ಸಾಕು, ಮಂಗಳೂರಿನ ಪಣಂಬೂರಿನಿಂದ ಉಡುಪಿಯ ಮಲ್ಪೆಯವರೆಗೆ ಎಲ್ಲ ಬೀಚಿನಲ್ಲೂ ಮೊಬೈಲುಗಳು ಪಡುವಣಕ್ಕೆ ತಿರುಗುತ್ತವೆ. ಸೂರ್ಯ ಮುಳುಗುವ ಫೋಟೊ ಎಲ್ಲರ ಹತ್ತಿರವೂ ಇದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಫೋಟೊ ತೆಗೆಯುವುದನ್ನು ನಿಜಕ್ಕೂ ಕಲಿಯಬೇಕು ಅಂತಿದ್ದರೆ ಅದೇ ಜಾಗಕ್ಕೆ ಬೆಳಿಗ್ಗೆ ಏಳು ಗಂಟೆಗೆ ಹೋಗಿ. ನಮ್ಮದು ಪಡುವಣ ಕರಾವಳಿ, ಸೂರ್ಯ ಬರುವುದು ಘಟ್ಟದ ಕಡೆಯಿಂದ. ಕಡಲಿಗೆ ಮುಖ ಮಾಡಿ ನಿಂತರೆ ಬೆಳಗಿನ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬಂದು ಎದುರಿನ ದೋಣಿ, ಬಲೆ, ಮುಖ ಎಲ್ಲದರ ಮೇಲೂ ಬೀಳುತ್ತದೆ. ಸಂಜೆ ಅದೇ ದೋಣಿ ಬರೀ ಕಪ್ಪು ಆಕಾರ. ದೋಣಿ ಅಲ್ಲೇ ಇದೆ, ನೀವೂ ಅಲ್ಲೇ ಇದ್ದೀರಿ, ಬದಲಾದದ್ದು ಬೆಳಕಿನ ದಿಕ್ಕು ಮಾತ್ರ.

ಹೊಸಬರಿಗೆ ನಾನು ಹೇಳುವುದು ಒಂದೇ ಮಾತು. ಒಂದು ಸಲಕ್ಕೆ ಒಂದೇ ವಿಷಯ ಹಿಡಿಯಿರಿ, ಅದನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಾಡಿ. ಷಟರ್ (ಬೆಳಕು ಬೀಳುವ ಹೊತ್ತು), ಅಪರ್ಚರ್ (ಲೆನ್ಸಿನ ತೂತಿನ ಅಳತೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮೂರನ್ನೂ ಒಂದೇ ದಿನ ತಲೆಗೆ ತುಂಬಿಕೊಳ್ಳಲು ಹೋದರೆ ಒಂದೂ ಕೈಗೆ ಹತ್ತುವುದಿಲ್ಲ. ವಿಡಿಯೊ ನೋಡಿ ನೋಡಿ ಪದಗಳೆಲ್ಲ ಬಾಯಿಪಾಠ ಆಗಿರುತ್ತವೆ, ಡಯಲನ್ನು ಎಲ್ಲ ನಾವೇ ಹೊಂದಿಸಬೇಕಾದ ಮ್ಯಾನುವಲ್‌ಗೆ ತಿರುಗಿಸಿದ ಕೂಡಲೇ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಅದೃಷ್ಟಕ್ಕೆ ನಮ್ಮ ಊರುಗಳಲ್ಲಿ ಒಂದೊಂದು ಪಾಠಕ್ಕೂ ಹೇಳಿ ಮಾಡಿಸಿದಂಥ ಜಾಗ ಇದೆ.

ಕೈಯಲ್ಲಿರುವುದರಿಂದಲೇ ಶುರು ಮಾಡಿ

ಮೊಬೈಲ್ ಇದೆಯಾ? ಮೊದಲ ತಿಂಗಳಿಗೆ ಅಷ್ಟು ಸಾಕು. ಲೆನ್ಸನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಕಡಲ ತೀರದಲ್ಲಂತೂ ಗಾಳಿಯ ಉಪ್ಪು ಕೂತು ಫೋಟೊ ಮಂಜು ಮಂಜಾಗಿ ಬರುತ್ತದೆ. ಸೆಟ್ಟಿಂಗ್ಸಿನಲ್ಲಿ ಗ್ರಿಡ್ ಆನ್ ಮಾಡಿ, ಕಡಲಂಚಿನ ಗೆರೆ ನೇರ ಇದೆಯಾ ಅಂತ ನೋಡಲು ಅದು ಬೇಕು. ಪರದೆಯ ಮೇಲೆ ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್ ಲಾಕ್ ಆಗುತ್ತದೆ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಬೆಳಕು ಕಡಿಮೆಯಾಗುತ್ತದೆ. ಬೆರಳಿನಿಂದ ಜೂಮ್ ಮಾಡುವ ಬದಲು ನಾಲ್ಕು ಹೆಜ್ಜೆ ಮುಂದೆ ಹೋಗಿ.

ಕ್ಯಾಮೆರಾ ಕೊಳ್ಳಲೇಬೇಕು ಅನಿಸಿದರೆ ಸೆಕೆಂಡ್ ಹ್ಯಾಂಡ್ ಬಾಡಿ, ಅದರ ಜೊತೆ ಬರುವ 18-55 ಎಂಎಂ ಲೆನ್ಸ್ ಧಾರಾಳವಾಯಿತು. ಮುಂದೆ ದುಡ್ಡು ಕೂಡಿದಾಗ 50 ಎಂಎಂ ಎಫ್ 1.8 ಲೆನ್ಸ್ ತೆಗೆದುಕೊಳ್ಳಿ (ಎಫ್ ನಂಬರ್ ಅಂದರೆ ಏನು ಅಂತ ಮುಂದೆ ಹೇಳುತ್ತೇನೆ). ಹೆಚ್ಚಿನ ಕಂಪನಿಗಳಲ್ಲಿ ಅದು ಕಡಿಮೆ ಬೆಲೆಯ ಲೆನ್ಸುಗಳ ಸಾಲಿನಲ್ಲೇ ಸಿಗುತ್ತದೆ, ಕಡಿಮೆ ಬೆಳಕಿನಲ್ಲಿ ಅದಕ್ಕಿರುವ ತಾಕತ್ತು 18-55ಕ್ಕೆ ಇಲ್ಲ.

ಬೆಳಕು ಎಲ್ಲಿಂದ ಬರುತ್ತಿದೆ?

ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ನೋಡಿರುತ್ತೀರಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಪಟ್ಟಿ ಪಟ್ಟಿಯಾಗಿ ನಿಂತ ಬಂಡೆಗಳವು. ಬೆಳಕು ಎದುರಿನಿಂದ ಬಿದ್ದಾಗ ತೆಗೆದರೆ ಅದೊಂದು ಕಪ್ಪು ಗೋಡೆ ಅಷ್ಟೆ. ಬೆಳಕು ಪಕ್ಕದಿಂದ ಓರೆಯಾಗಿ ಬೀಳುವ ಕಡೆ ಹೋಗಿ ನಿಲ್ಲಿ. ಒಂದೊಂದು ಕಂಬದ ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದಕ್ಕೆ ನೆರಳು ಬಂದು ಏಣುಗಳೆಲ್ಲ ಎದ್ದು ಕಾಣುತ್ತವೆ. ಮನುಷ್ಯರ ಮುಖಕ್ಕೂ ಲೆಕ್ಕ ಇದೇ.

ಮಧ್ಯಾಹ್ನದ ಬಿಸಿಲಿಗೆ ಮುಖದ ಫೋಟೊ ತೆಗೆಯಬೇಡಿ. ಏಪ್ರಿಲ್ ಕೊನೆಯ ವಾರದಲ್ಲಿ, ಮತ್ತೆ ಆಗಸ್ಟ್ ಮಧ್ಯದಲ್ಲಿ ನಮ್ಮಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಹನ್ನೆರಡೂವರೆ ಹೊತ್ತಿಗೆ ಕಣ್ಣಿನ ಗುಳಿಯಲ್ಲಿ ಕತ್ತಲೆ, ಮೂಗಿನ ಕೆಳಗೆ ಕತ್ತಲೆ. ಜಗಲಿಗೋ ಮರದ ನೆರಳಿಗೋ ಕರೆದು ನಿಲ್ಲಿಸಿದರೆ ಅದೇ ಮುಖ ಎಷ್ಟು ಚೆಂದ ಬರುತ್ತದೆ ನೋಡಿ. ಮಳೆಗಾಲದ ಮೋಡ ಕವಿದ ದಿನವಂತೂ ಇಡೀ ಊರಿಗೇ ಮೆತ್ತಗಿನ ಬೆಳಕು. ಕ್ಯಾಮೆರಾ ಒಳಗಿಡುವ ಕಾಲ ಅದಲ್ಲ.

ಇನ್ನೊಂದು ಗಮನಿಸಿ. ಸೂರ್ಯ ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲ. ಕಡಲಿಗೆ ಮುಖ ಮಾಡಿ ನಿಂತರೆ ಡಿಸೆಂಬರಿನಲ್ಲಿ ಎಡಕ್ಕೆ ಸರಿದು ಮುಳುಗುತ್ತಾನೆ, ಜೂನ್‌ನಲ್ಲಿ ಬಲಕ್ಕೆ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದ ಪಕ್ಕಕ್ಕೆ ಸೂರ್ಯ ಬರಬೇಕಾದರೆ ಯಾವ ತಿಂಗಳು ಎಲ್ಲಿ ನಿಲ್ಲಬೇಕು ಅಂತ ಮೊದಲೇ ಯೋಚಿಸಿ ಹೋಗಿ.

ಷಟರ್ ಕಲಿಯಲು ಮಲ್ಪೆ ದಕ್ಕೆ

ಷಟರ್ ಸ್ಪೀಡ್ ಅಂದರೆ ಸೆನ್ಸರಿನ ಮೇಲೆ ಬೆಳಕು ಎಷ್ಟು ಹೊತ್ತು ಬೀಳುತ್ತದೆ ಅನ್ನುವುದು. 1/125 ಸೆಕೆಂಡಿನಿಂದ 1/250ಕ್ಕೆ ಹೋದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ, ಚಲನೆ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಬೆಳಿಗ್ಗೆ ಎಲ್ಲವೂ ಓಡುತ್ತಿರುತ್ತದೆ. ಡಯಲನ್ನು 'ಎಸ್'ಗೆ ತಿರುಗಿಸಿ, ಕ್ಯಾನನ್ ಆದರೆ 'ಟಿವಿ'ಗೆ. ಅಪರ್ಚರನ್ನು ಕ್ಯಾಮೆರಾವೇ ನೋಡಿಕೊಳ್ಳಲಿ. ಮೊಬೈಲಿನವರು ಪ್ರೊ ಮೋಡಿನಲ್ಲಿ ಷಟರನ್ನು ಬದಲಿಸಬಹುದು.

ಬುಟ್ಟಿ ಹೊತ್ತು ನಡೆಯುವವರಿಗೆ 1/250 ಸಾಕು. ಮೀನಿಗೆ ಎರಗುವ ಬಿಳಿ ತಲೆಯ ಗರುಡ ಬೇಕಾದರೆ 1/1000ಕ್ಕಿಂತ ಕೆಳಗೆ ಇಳಿಯಬೇಡಿ. ಅಲೆ ಬಂಡೆಗೆ ಬಡಿಯುವುದನ್ನು 1/1000ದಲ್ಲಿ ತೆಗೆದರೆ ಹನಿ ಹನಿ ಬೇರೆ ಬೇರೆ ಕಾಣುತ್ತದೆ. ಅದೇ ಅಲೆಯನ್ನು ಮುಸ್ಸಂಜೆ ಹೊತ್ತು ಕ್ಯಾಮೆರಾವನ್ನು ಕಲ್ಲಿನ ಮೇಲೆ ಅಲುಗದ ಹಾಗೆ ಇಟ್ಟು ಅರ್ಧ ಸೆಕೆಂಡಿನಲ್ಲಿ ತೆಗೆಯಿರಿ, ನೀರು ಹೊಗೆಯಂತೆ ಹರಡುತ್ತದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಒಂದು ಹಳೆಯ ಲೆಕ್ಕ ಇದೆ: 50 ಎಂಎಂ ಲೆನ್ಸಿಗೆ 1/50, 200 ಎಂಎಂಗೆ 1/200. ಅದಕ್ಕಿಂತ ನಿಧಾನವಾದರೆ ಕೈನಡುಕವೇ ಫೋಟೊದಲ್ಲಿ ಬರುತ್ತದೆ.

ಅಲ್ಲಿರುವವರು ಕೆಲಸದಲ್ಲಿರುತ್ತಾರೆ ಅನ್ನುವುದನ್ನು ಮರೆಯಬಾರದು. ಏಲಂ ಕೂಗುವ ಹೊತ್ತಿನಲ್ಲಿ ಬುಟ್ಟಿಗಳ ನಡುವೆ ನಿಂತು ದಾರಿ ಕಟ್ಟಬೇಡಿ. ಹತ್ತಿರದಿಂದ ಮುಖ ತೆಗೆಯುವುದಾದರೆ "ಅಕ್ಕ, ಒಂದು ಫೋಟೊ ತೆಗೆಯಲಾ?" ಅಂತ ಕೇಳಿ, ತುಳು ಬಂದರೆ ತುಳುವಿನಲ್ಲೇ ಕೇಳಿ. ಬೇಡ ಅಂದರೆ ಬೇಡ. ಒಪ್ಪಿದರೆ ತೆಗೆದದ್ದನ್ನು ಅಲ್ಲೇ ತೋರಿಸಿ, ಮುಂದಿನ ಸಲ ಹೋಗುವಾಗ ಒಂದು ಪ್ರಿಂಟ್ ಹಾಕಿಸಿ ಕೊಂಡುಹೋಗಿ. ಆಮೇಲೆ ಅವರೇ ಕರೆದು, ಇವತ್ತು ದೊಡ್ಡ ಅಂಜಲ್ ಮೀನು ಬಂದಿದೆ ನೋಡಿ ಅನ್ನುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಸಾಲಾಗಿ ಕಟ್ಟಿ ನಿಂತಿರುತ್ತವೆ. ಈ ಅಭ್ಯಾಸಕ್ಕೆ ಆಗಸ್ಟ್ ಶುರುವಾದ ಮೇಲೆ ಹೋಗಿ.

ಅಪರ್ಚರಿಗೆ ರಥಬೀದಿ

ಉಡುಪಿ ರಥಬೀದಿಯಲ್ಲಿ ಹೂವಿನವರ ಎದುರು ನಿಂತು ಡಯಲನ್ನು 'ಎ'ಗೆ ಹಾಕಿ, ಕ್ಯಾನನ್‌ನಲ್ಲಿ ಅದು 'ಎವಿ'. ಎಫ್ ನಂಬರ್ ಚಿಕ್ಕದಾದಷ್ಟೂ ಲೆನ್ಸಿನ ತೂತು ದೊಡ್ಡದು, ಒಳಗೆ ಬರುವ ಬೆಳಕು ಜಾಸ್ತಿ. ಎಫ್ 1.8ರಲ್ಲಿ ಒಂದು ಮಲ್ಲಿಗೆ ಚೆಂಡಿಗೆ ಹತ್ತಿರದಿಂದ ಫೋಕಸ್ ಮಾಡಿದರೆ ಎದುರಿನ ನಾಲ್ಕು ಮೊಗ್ಗು ಸ್ಪಷ್ಟ, ಹಿಂದಿನ ಬೀದಿಯೆಲ್ಲ ಬಣ್ಣ ಕಲಸಿದ ಹಾಗೆ. ಎಫ್ 8ಕ್ಕೆ ಹೋದರೆ ಹೂವೂ ಇದೆ, ಮಾರುವವರೂ ಇದ್ದಾರೆ, ಹಿಂದೆ ನಿಂತ ತೇರಿನ ಗಾಲಿಯೂ ಗುರುತು ಸಿಗುತ್ತದೆ. ಹೊಸಬರು ಎಲ್ಲದಕ್ಕೂ ಹಿನ್ನೆಲೆ ಮಸುಕು ಮಾಡುತ್ತಾರೆ. ನನಗೆ ಅದು ಅಷ್ಟು ಇಷ್ಟವಿಲ್ಲ. ರಥಬೀದಿಯಲ್ಲಿ ತೆಗೆದ ಫೋಟೊದಲ್ಲಿ ರಥಬೀದಿ ಕಾಣಬೇಕು, ಅಲ್ವಾ? ಮಠದ ಒಳಗೆ ಹೋಗುವಾಗ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ.

ಐಎಸ್‌ಒ ಪರೀಕ್ಷೆ ಆಗುವುದು ಯಕ್ಷಗಾನದ ಆಟದಲ್ಲಿ

ಯಕ್ಷಗಾನ ಮೇಳಗಳು ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟರೆ ಗೆಜ್ಜೆ ಬಿಚ್ಚುವುದು ಮೇ ಕೊನೆಯ ಪತ್ತನಾಜೆಗೆ, ಅಂದರೆ ತಿರುಗಾಟ ಮುಗಿಸುವ ದಿನಕ್ಕೆ. ಅಷ್ಟೂ ತಿಂಗಳು ಎಲ್ಲಾದರೂ ಒಂದು ಕಡೆ ಆಟ ಇದ್ದೇ ಇರುತ್ತದೆ. ಕತ್ತಲೆ, ವೇಗ, ಕಣ್ಣು ಕುಕ್ಕುವ ಕಿರೀಟ ಮೂರೂ ಒಟ್ಟಿಗೆ ಸಿಗುವ ಜಾಗ ಇದು.

ಐಎಸ್‌ಒ ಏರಿಸಿದರೆ ಕಡಿಮೆ ಬೆಳಕಿನಲ್ಲೂ ಫೋಟೊ ಬೆಳ್ಳಗೆ ಬರುತ್ತದೆ, ಜೊತೆಗೆ ಕಾಳು ಕಾಳು ಕಾಣಿಸುತ್ತದೆ. ಅದಕ್ಕೆ ಹೆದರಬೇಡಿ. ಕಾಳಿದ್ದರೂ ಗಟ್ಟಿಯಾಗಿ ನಿಂತ ಮುಖ, ನುಣ್ಣಗಿದ್ದು ಅಲುಗಾಡಿದ ಮುಖಕ್ಕಿಂತ ಸಾವಿರ ಪಾಲು ಮೇಲು. ಎಫ್ 2.8 ಲೆನ್ಸಿದ್ದರೆ 1/250, ಐಎಸ್‌ಒ 1600ರಿಂದ ಶುರು ಮಾಡಿ. 18-55 ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅಪರ್ಚರ್ ಎಫ್ 5.6ಕ್ಕಿಂತ ತೆರೆಯುವುದಿಲ್ಲ. ಬೆಳಕು ಕಾಲು ಭಾಗಕ್ಕೆ ಇಳಿಯಿತು. ಹಾಗಾಗಿ ಐಎಸ್‌ಒ 6400 ಬೇಕಾಗುತ್ತದೆ.

ಈಗ ಮುಖ್ಯ ತೊಡಕು. ರಂಗಸ್ಥಳದ ಹಿಂದೆ ಕಪ್ಪು, ನಡುವೆ ವೇಷದ ಮೇಲೆ ಮಾತ್ರ ಬೆಳಕು. ಕ್ಯಾಮೆರಾದ ಮೀಟರ್ ಇಡೀ ದೃಶ್ಯ ಸೇರಿ ಮಧ್ಯಮ ಬೂದು ಬಣ್ಣದಷ್ಟು ಬೆಳಕಿರಬೇಕು ಅಂತ ಲೆಕ್ಕ ಹಾಕುತ್ತದೆ. ಕಪ್ಪು ಜಾಸ್ತಿ ಕಂಡ ಕೂಡಲೇ ಬೆಳಕು ಸಾಲದು ಅಂದುಕೊಂಡು ಏರಿಸುತ್ತದೆ. ಹಿಂದಿನ ಪರದೆ ಬೂದಾಗುತ್ತದೆ, ಮುಖದ ಬಣ್ಣಗಾರಿಕೆ ಬೆಳ್ಳಗೆ ಸುಟ್ಟುಹೋಗುತ್ತದೆ. ಇದಕ್ಕೆ ಪ್ಲಸ್-ಮೈನಸ್ ಗುರುತಿನ ಬಟನ್ ಒತ್ತಿ ಮೈನಸ್ 1ಕ್ಕೆ ಇಳಿಸಿ. ಸಾಲದಿದ್ದರೆ ಇನ್ನೂ ಸ್ವಲ್ಪ. ಬಿಳಿ ಪಂಚೆ ಉಟ್ಟವರ ಗುಂಪು, ಬೆಳ್ಳನೆಯ ಮರಳು ತೆಗೆಯುವಾಗ ಇದರ ಉಲ್ಟಾ, ಪ್ಲಸ್ ಕಡೆಗೆ ಹೋಗಬೇಕು. ಈ ಒಂದು ಬಟನ್ ಕಲಿತರೆ ಹೊಸ ಲೆನ್ಸ್ ಕೊಂಡದ್ದಕ್ಕಿಂತ ಹೆಚ್ಚು ಲಾಭ.

ಫೋಟೊದಲ್ಲಿ ಅಡ್ಡಡ್ಡ ಪಟ್ಟಿ ಬರುತ್ತಿದ್ದರೆ ಅದು ಎಲ್‌ಇಡಿ ದೀಪಗಳ ಮಿನುಗು. ನಮ್ಮ ಕರೆಂಟಿನಲ್ಲಿ ಕೆಲವು ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಷಟರನ್ನು 1/100ಕ್ಕೆ ಇಳಿಸಿದರೆ ಹೆಚ್ಚಿನ ಕಡೆ ಪಟ್ಟಿ ಹೋಗುತ್ತದೆ. ಆದರೆ 1/100ದಲ್ಲಿ ದಿಗಿಣ (ಹಾರಿ ತಿರುಗುವ ಕುಣಿತ) ಗಟ್ಟಿಯಾಗಿ ನಿಲ್ಲುವುದಿಲ್ಲವಲ್ಲ? ಅಲ್ಲಿಯೇ ಕಿವಿ ಕೆಲಸಕ್ಕೆ ಬರುವುದು. ಚೆಂಡೆಯ ಮುಕ್ತಾಯಕ್ಕೆ ಸರಿಯಾಗಿ ವೇಷಧಾರಿ ಒಂದು ಕ್ಷಣ ನಿಂತು ನೋಡುತ್ತಾರೆ. ಪೆಟ್ಟು ಬೀಳುವಾಗ ನಿಮ್ಮ ಬೆರಳು ಬಟನ್ ಮೇಲೆ ಅರ್ಧ ಒತ್ತಿ ಕಾಯುತ್ತಿರಬೇಕು. ಒಂದು ರಾತ್ರಿ ಕ್ಯಾಮೆರಾ ತೆಗೆಯದೆ ಸುಮ್ನೆ ಕೂತು ಆಟ ನೋಡಿ, ಆ ನಿಲುಗಡೆ ಎಲ್ಲಿ ಬರುತ್ತದೆ ಅಂತ ತಾನಾಗಿ ಗೊತ್ತಾಗುತ್ತದೆ.

ಫ್ಲಾಷ್ ಖಂಡಿತ ಬೇಡ. ಕುಣಿಯುವವರ ಕಣ್ಣಿಗೆ ಹೊಡೆಯುತ್ತದೆ. ಹಿಂದೆ ಕೂತವರಿಗೆ ಅಡ್ಡ ನಿಲ್ಲದೆ ರಂಗಸ್ಥಳದ ಬದಿಗೆ ಹೋಗಿ. ವೇಷ ಕಟ್ಟುವ ಚೌಕಿಗೆ ಹೋಗುವುದಾದರೆ ಮೇಳದವರನ್ನು ಕೇಳಿ, ಸ್ವಲ್ಪ ಹೊತ್ತು ಕೂತು, ಆಮೇಲೆ ಕ್ಯಾಮೆರಾ ತೆಗೆಯಿರಿ. ಕನ್ನಡಿ ಹಿಡಿದು ಕಣ್ಣಂಚಿಗೆ ಗೆರೆ ಎಳೆದುಕೊಳ್ಳುವ ಕಲಾವಿದರ ಬೆರಳುಗಳನ್ನು ಒಮ್ಮೆ ಹತ್ತಿರದಿಂದ ನೋಡಿ.

ದೈವದ ಕೋಲ, ನೇಮಗಳ ಮಾತು ಬೇರೆ. ಅದು ಪ್ರದರ್ಶನ ಅಲ್ಲ, ಆರಾಧನೆ. ಮನೆಯವರು, ಗುತ್ತಿನವರು ಒಪ್ಪಿದರೆ ಮಾತ್ರ, ದೂರದಿಂದ. ಫೋಟೊ ತೆಗೆಯಬಾರದು ಅಂತ ಬೋರ್ಡ್ ಹಾಕಿದ್ದರೆ ಕೇಳುವುದೂ ಬೇಡ.

ಮನೆಗೆ ಬಂದ ಮೇಲೆ

ತೆಗೆದ ಎಲ್ಲವನ್ನೂ ಸ್ಟೇಟಸ್ಸಿಗೆ ಹಾಕಬೇಡಿ. ಮರುದಿನ ನೋಡಿ, ಐದು ಆರಿಸಿ. ಆ ಐದರ ಷಟರ್, ಅಪರ್ಚರ್, ಐಎಸ್‌ಒ ಎಷ್ಟಿತ್ತು ಅಂತ ಫೈಲಿನ ವಿವರದಲ್ಲಿ ಇರುತ್ತದೆ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕ್ಯಾಮೆರಾದಲ್ಲಿ ರಾ (ಸೆನ್ಸರಿನ ಪೂರ್ತಿ ಮಾಹಿತಿ ಇರುವ ಫೈಲ್) ಮತ್ತು ಜೆಪೆಗ್ ಎರಡನ್ನೂ ಆನ್ ಮಾಡಿದ್ದರೆ ಎಡಿಟಿಂಗ್ ಕಲಿತ ದಿನ ಹಳೆಯ ಫೋಟೊಗಳೂ ಉಪಯೋಗಕ್ಕೆ ಬರುತ್ತವೆ.

ಫಂಗಸ್ ಬರದ ಹಾಗೆ

ಒಳನಾಡಿನವರಿಗೆ ಇದು ಅಷ್ಟು ತಲೆನೋವಲ್ಲ, ನಮಗೆ ದೊಡ್ಡ ತಲೆನೋವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೇ ಬೂಷ್ಟು ಹಿಡಿಯುವ ಊರಿನಲ್ಲಿ ಲೆನ್ಸನ್ನು ಬ್ಯಾಗಿನಲ್ಲಿ ಹಾಕಿ ಕಪಾಟಿನಲ್ಲಿಟ್ಟರೆ ಗಾಜಿನ ಮೇಲೆ ಫಂಗಸ್ ಬೆಳೆಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತಂದು ತೇವ ಹೀರುವ ಸಿಲಿಕಾ ಜೆಲ್ ಹಾಕಿ ಅದರಲ್ಲಿಡಿ. ಸಣ್ಣ ತೇವಾಂಶ ಮೀಟರ್ ಒಂದನ್ನು ಒಳಗಿಟ್ಟರೆ ಇನ್ನೂ ಒಳ್ಳೆಯದು, ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಬೇಕು. ಜೆಲ್ಲಿನ ಬಣ್ಣ ಬದಲಾದರೆ ಹೊಸದು ಹಾಕಿ. ಅಕ್ಕಿ ಡಬ್ಬದಲ್ಲಿ ಇಡುವವರಿದ್ದಾರೆ, ಹಾಗೆ ಮಾಡಬೇಡಿ, ಹಿಟ್ಟು ಒಳಗೆ ಸೇರುತ್ತದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸಿ.

ಬೀಚಿನಲ್ಲಿ ಲೆನ್ಸ್ ಬದಲಿಸಬೇಡಿ, ಮರಳು ಒಳಗೆ ಹೋದರೆ ರಿಪೇರಿ ದುಬಾರಿ. ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಗಾಜಿಗೆ ಹಬೆ ಹಿಡಿಯುತ್ತದೆ, ಅರ್ಧ ಗಂಟೆ ಬ್ಯಾಗಿನಲ್ಲೇ ಬಿಡಿ. ಮನೆಗೆ ಬಂದು ಕ್ಯಾಮೆರಾದ ಮೈಯನ್ನು ಒದ್ದೆ ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಉಪ್ಪು ಉಳಿಯಬಾರದು.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗಲೂ ಇದೇ ಎಚ್ಚರ. ಲೆನ್ಸನ್ನು ಕತ್ತಲ ಕೋಣೆಗೆ ಒಯ್ದು ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಒಳಗೆ ಸಣ್ಣ ಬಿಳಿ ಎಳೆಗಳು ಕವಲೊಡೆದು ಹರಡಿದ್ದು ಕಂಡರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ನಿಮ್ಮದೇ ಲೆನ್ಸಿನಲ್ಲಿ ಕಂಡರೆ ಅದನ್ನು ಉಳಿದವುಗಳಿಂದ ಬೇರೆ ಇಟ್ಟು ಬೇಗ ಸರ್ವಿಸ್‌ಗೆ ಕೊಡಿ, ನೀವೇ ಬಿಚ್ಚಲು ಹೋಗಬೇಡಿ.