ಟ್ರೇಲರ್ ಎಳೆಯುವಾಗ ಟೈರಿಗೆ ಎಷ್ಟು ಗಾಳಿ? ನಾನು ಮಾಡಿಕೊಂಡ ಲೆಕ್ಕ

ಟೆಕ್ಸಸ್‌ನಲ್ಲಿ ಪಿಕಪ್ ಟ್ರಕ್ ಇರುವ ಯಾರನ್ನೇ ಕೇಳಿ, ಗಾಳಿ ಬಗ್ಗೆ ಒಂದು ನಂಬರ್ ಹೇಳುತ್ತಾರೆ. ಒಬ್ಬರು 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು ಅಂದರೆ ಇನ್ನೊಬ್ಬರು ಟೈರಿನ ಮೇಲೆ ಬರೆದಷ್ಟೂ ತುಂಬಿಸಿ ಅನ್ನುತ್ತಾರೆ. ನನ್ನದು ಫೋರ್ಡ್ ಕಂಪನಿಯ ಎಫ್-150 ಪಿಕಪ್. ಬೇಸಿಗೆ ರಜೆಯಲ್ಲಿ ಕ್ಯಾಂಪಿಂಗ್ ಟ್ರೇಲರ್ ಕಟ್ಟಿಕೊಂಡು ಡಾಲಸ್‌ನಿಂದ ಕೊಲೊರಾಡೊ ಕಡೆ ಹೋಗುತ್ತೇವೆ. ಯಾರ ನಂಬರೂ ಬೇಡ, ತೂಕ ಹಾಕಿಸೋಣ ಅಂದುಕೊಂಡೆ.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ನನ್ನ ಗಾಡಿಯಲ್ಲಿ ಮುಂದೆ ಹಿಂದೆ ಎರಡಕ್ಕೂ 35 ಪಿಎಸ್‌ಐ, ಹಿಂದಿನ ಆಕ್ಸಲ್ ತಡೆಯುವ ತೂಕ 3,800 ಪೌಂಡ್. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ 44 ಬರೀ ಗರಿಷ್ಠ ಮಿತಿ, ಅಷ್ಟು ಹೊಡೆಸಿ ಅಂತ ಅಲ್ಲ.

ಹೈವೇ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ, ಗಾಡಿ ತೂಗುವ ಕಾಟಾ ಇರುತ್ತದೆ. ಸಾಮಾನು, ನೀರು, ಮನೆಮಂದಿ ಎಲ್ಲ ಇರುವಾಗಲೇ ಹತ್ತಿಸಬೇಕು. ಮುಂದಿನ ಚಕ್ರ ಒಂದು ಪ್ಲೇಟ್ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೇಲರ್ ಮೂರನೆಯದರ ಮೇಲೆ. ಚೀಟಿಯಲ್ಲಿ ಮೂರೂ ಬೇರೆ ಬೇರೆ ಬರುತ್ತದೆ. ಆಮೇಲೆ ಟ್ರೇಲರ್ ಬಿಚ್ಚಿಟ್ಟು ಬರೀ ಟ್ರಕ್ ತೂಕ ಹಾಕಿಸಿದೆ. ಎರಡು ಚೀಟಿ ಹೋಲಿಸಿದರೆ ಟ್ರೇಲರ್‌ನಿಂದ ಯಾವ ಆಕ್ಸಲ್ ಮೇಲೆ ಎಷ್ಟು ಬಿತ್ತು ಅಂತ ಗೊತ್ತಾಗುತ್ತದೆ. ಮಜಾ ಇರುವುದು ಇಲ್ಲೇ. ಟ್ರೇಲರ್ ಕಟ್ಟುವ ಕೊಂಡಿ (ಹಿಚ್) ಇರುವುದು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಅಲ್ವಾ, ಹಾಗಾಗಿ ಅಲ್ಲಿ 600 ಪೌಂಡ್ ಕೂತರೆ ಏತದ ಹಾಗೆ ಮುಂದಿನ ಚಕ್ರ ಹಗುರಾಗಿ, ಆ ತೂಕವೂ ಹಿಂದಿನ ಟೈರುಗಳ ಮೇಲೇ ಬೀಳುತ್ತದೆ.

ಆದರೂ ನನ್ನ ಹಿಂದಿನ ಆಕ್ಸಲ್ ಮೇಲಿನ ತೂಕ 3,800ರ ಒಳಗೇ ಇತ್ತು. ಅಂದರೆ ತೂಕ ಹೊರಲು 35 ಸಾಕು. ಆದರೆ ಈ ಟೈರುಗಳ ಪಕ್ಕದ ಗೋಡೆ ಮೆತ್ತಗೆ, ದೊಡ್ಡ ಲಾರಿ ಪಕ್ಕದಲ್ಲಿ ನುಗ್ಗಿದರೆ ಗಾಡಿಯ ಹಿಂಭಾಗ ಓಲಾಡುತ್ತದೆ. ಅದಕ್ಕೆ ಹಿಂದೆ 40 ಇಟ್ಟೆ, ಮುಂದೆ 35 ಹಾಗೇ ಬಿಟ್ಟೆ. ಓಲಾಟ ಕಮ್ಮಿಯಾಯಿತು. ಎಲ್‌ಟಿ (ಲೈಟ್ ಟ್ರಕ್, ಭಾರ ಹೊರಲೆಂದೇ ಮಾಡಿದ ಗಟ್ಟಿ) ಟೈರ್ ಹಾಕಿಸಿದವರಿಗೆ ಈ ಲೆಕ್ಕ ನಡೆಯಲ್ಲ. ಅಷ್ಟೇ ತೂಕಕ್ಕೆ ಅವು ಜಾಸ್ತಿ ಗಾಳಿ ಕೇಳುತ್ತವೆ, ಎಷ್ಟು ತೂಕಕ್ಕೆ ಎಷ್ಟು ಗಾಳಿ ಅಂತ ಹೇಳುವ ಟೈರ್ ಕಂಪನಿಯ ಲೋಡ್ ಟೇಬಲ್ ನೋಡಲೇಬೇಕು.

ಟ್ರೇಲರ್ ಟೈರಿನ ಕತೆ ಉಲ್ಟಾ. ನನ್ನದರಲ್ಲಿ ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಸಿ, 50 ಪಿಎಸ್‌ಐಗೆ ಒಂದೊಂದೂ 1,760 ಪೌಂಡ್ ಹೊರುತ್ತದೆ. ಅಲ್ಲಿ ಪೂರ್ತಿ 50 ಹೊಡೆಸುತ್ತೇನೆ. ಕಮ್ಮಿ ಮಾಡಿದರೆ ಹೊರುವ ಶಕ್ತಿ ಇಳಿಯುತ್ತದೆ, ಟೈರ್ ಕಾದು ಒಡೆಯುತ್ತದೆ. ಇಂಥ ಟೈರುಗಳಲ್ಲಿ ಎಷ್ಟೋ 65 ಮೈಲಿ ವೇಗಕ್ಕೆ ಮಾತ್ರ ಮಾಡಿದವು, ರಸ್ತೆ ಬೋರ್ಡ್ 75 ಅಂದರೂ ನಾನು ಬಲಗಡೆ ಲೇನಲ್ಲೇ.

ಇವೆಲ್ಲ ತಣ್ಣಗಿರುವಾಗಿನ ನಂಬರ್. ಗಾಡಿ ಮೂರು ಗಂಟೆಯಾದರೂ ನಿಂತಿರಬೇಕು, ಬೆಳಗ್ಗೆ ಬಿಸಿಲು ಬೀಳುವ ಮೊದಲು ಗೇಜ್ ಹಿಡಿಯುವುದು ಒಳ್ಳೆಯದು. ಬಿಸಿಲು ಬಿದ್ದ ಕಡೆಯ ಟೈರ್ ಸುಮ್ನೆ ಜಾಸ್ತಿ ತೋರಿಸುತ್ತದೆ. ಓಡಿದ ಮೇಲೆ ಏರಿದ ಗಾಳಿಯನ್ನು ಬಿಡಬೇಡಿ. 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಡಾಲಸ್‌ನ 80ರಲ್ಲಿ ಹೊಡೆಸಿದ್ದು ಕೊಲೊರಾಡೊದ 40 ಡಿಗ್ರಿ ಬೆಳಗ್ಗೆ 4 ಕಮ್ಮಿ ಆಗಬೇಕು, ಆದರೆ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಮ್ಮಿ ಇರುವುದರಿಂದ ಗೇಜ್ ಅಷ್ಟು ಇಳಿದದ್ದು ತೋರಿಸುವುದಿಲ್ಲ. ಗಾಳಿ ಕಮ್ಮಿ ಅಂತ ಎಚ್ಚರಿಸುವ ಡ್ಯಾಶ್‌ಬೋರ್ಡ್ ದೀಪ ನಂಬಿ ಕೂರಬೇಡಿ, ಅದು ಹತ್ತುವುದು ಸ್ಟಿಕ್ಕರ್ ನಂಬರಿಗಿಂತ ಕಾಲು ಭಾಗ ಇಳಿದಾಗ, ಅಂದರೆ 35ಕ್ಕೆ ಸುಮಾರು 26ರಲ್ಲಿ.

ಮನೆಗೆ ಬಂದು ಟ್ರೇಲರ್ ಬಿಚ್ಚಿದರೆ ಮಾರನೇ ಬೆಳಗ್ಗೆ ಹಿಂದಿನವನ್ನು ಮತ್ತೆ 35ಕ್ಕೆ ಇಳಿಸುತ್ತೇನೆ. ಖಾಲಿ ಟ್ರಕ್‌ಗೆ ಗಾಳಿ ಜಾಸ್ತಿಯಾದರೆ ಟೈರ್ ನಡುವೆ ಮಾತ್ರ ಸವೆಯುತ್ತದೆ.