ಆರ್ಡನ್ ಹೆಡ್, ಹಳೇ ಫೋರ್ಡ್ ಬ್ಲಾಕ್: ಎಲ್ ಮಿರಾಜ್‌ನಲ್ಲಿ ನನ್ನ ಅನುಭವ

ವೇಗಕ್ಕೆಂದು ಮಾರ್ಪಡಿಸಿದ ನನ್ನ ಹಳೇ ಕಾರು, ಅಂದರೆ ಹಾಟ್‌ರಾಡ್‌ನ ಬಾನೆಟ್ ತೆಗೆದರೆ ಸಾಕು, ಎಲ್ಲರ ಕಣ್ಣು ಇಂಜಿನ್ನಿನ ಮೇಲ್ಭಾಗದ ಆರ್ಡನ್ ಹೆಡ್‌ಗಳ ಮೇಲೆ. ಸಿಲಿಂಡರ್‌ಗಳಿರುವ ಕೆಳಗಿನ ಒಡಲು, ಅಂದರೆ ಬ್ಲಾಕ್ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ದುಡ್ಡು, ನಿದ್ದೆ ಎರಡನ್ನೂ ತಿಂದಿದ್ದು ಅದೇ.

ಫೋರ್ಡ್ 1932ರಲ್ಲಿ ತಂದ ವಿ8 ಇಂಜಿನ್ನಿಗೆ ಫ್ಲ್ಯಾಟ್‌ಹೆಡ್ ಅನ್ನುತ್ತಾರೆ. ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಅದರ ವಾಲ್ವ್‌ಗಳು ಬ್ಲಾಕಿನೊಳಗೆ, ಸಿಲಿಂಡರ್ ಪಕ್ಕದಲ್ಲಿ ಇರುತ್ತವೆ. ಹೆಡ್ ಅನ್ನುವುದು ಡಬ್ಬಿಯ ಮುಚ್ಚಳದ ಹಾಗೆ, ಅಷ್ಟೇ. ತೊಂದರೆ ಏನಂದರೆ, ಬಿಸಿ ಹೊಗೆ ತಣ್ಣೀರು ಹರಿಯುವ ಬ್ಲಾಕನ್ನೇ ಹಾದು ಹೊರಗೆ ಹೋಗಬೇಕು. ಎಂಟು ಸಿಲಿಂಡರ್, ಹೊಗೆ ಹೋಗಲು ಆರೇ ದಾರಿ. ಕಾಯದೆ ಇರುತ್ತದಾ? ಭಾರ ಹೊತ್ತ ಫೋರ್ಡ್ ಟ್ರಕ್‌ಗಳಿಗೆ ಇದೇ ಗೋಳು. ಅದಕ್ಕೇ ಜೋರಾ ಆರ್ಕಸ್-ಡಂಟೋವ್ ಮತ್ತು ತಮ್ಮ ಯೂರಾ 1940ರ ದಶಕದ ಕೊನೆಯಲ್ಲಿ ಆರ್ಡನ್ ಎಂಬ ಈ ಅಲ್ಯೂಮಿನಿಯಂ ಹೆಡ್ ಮಾಡಿದರು. ವಾಲ್ವ್‌ಗಳು ಮೇಲೆ ಬಂದವು, ಹೊಗೆ ಬ್ಲಾಕಿಗೆ ತಾಗದೆ ಸೀದಾ ಹೊರಗೆ. ಟ್ರಕ್ಕಿನವರಿಗಿಂತ ರೇಸಿನವರೇ ಅದನ್ನು ಜಾಸ್ತಿ ಮೆಚ್ಚಿಕೊಂಡರು. ಜೋರಾ ಮುಂದೆ ಶೆವ್ರೊಲೆ ಸೇರಿ ಕಾರ್ವೆಟ್ ಸ್ಪೋರ್ಟ್ಸ್ ಕಾರಿನಿಂದ ಹೆಸರಾದ. ಹಳೇ ಅಸಲಿ ಜೋಡಿ ಈಗ ಸಿಗುವುದೇ ಅಪರೂಪ. ನನ್ನದು ಹೊಸದಾಗಿ ಎರಕ ಹೊಯ್ದದ್ದು. ಅಸಲಿ ಸಿಕ್ಕಿದ್ದರೂ ಅದನ್ನು ರೇಸಿಗೆ ಹಚ್ಚಲು ನನಗೆ ಧೈರ್ಯ ಬರುತ್ತಿರಲಿಲ್ಲ ಬಿಡಿ.

ಹೆಡ್ ಚೆನ್ನಾಗಿ ಉಸಿರಾಡಿದಷ್ಟೂ ಕೆಳಗಿನ ಭಾಗದ ಮೇಲೆ ಒತ್ತಡ. ಪಿಸ್ಟನ್‌ಗಳ ಬಲದಿಂದ ತಿರುಗುವ ದಂಡ ಕ್ರ್ಯಾಂಕ್, ಅದನ್ನು ಹಿಡಿದಿರುವ ಮೇನ್ ಬೇರಿಂಗ್ ಮೂರೇ. ನಾನು ಆರಿಸಿದ್ದು ಫೋರ್ಡ್‌ನದೇ ಇನ್ನೊಂದು ಬ್ರ್ಯಾಂಡ್ ಮರ್ಕ್ಯುರಿಯ 1949–53ರ ಬ್ಲಾಕ್, 255 ಘನ ಇಂಚು, ಅಂದರೆ ಸುಮಾರು 4.2 ಲೀಟರ್. ಆ ಕಾಲದ ಬ್ಲಾಕ್‌ನಲ್ಲಿ ಬಿರುಕು ಇದ್ದೇ ಇರುತ್ತದೆ ಅಂದುಕೊಂಡೇ ಹೊರಡಬೇಕು. ವಾಲ್ವ್ ಕೂತು ಮುಚ್ಚಿಕೊಳ್ಳುವ ಸೀಟಿನಿಂದ ಸಿಲಿಂಡರ್ ಕಡೆಗೆ ಬಿಟ್ಟಿರುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ಬ್ಲಾಕನ್ನು ಕುದಿಸಿ ತೊಳೆಸಿ, ಅಯಸ್ಕಾಂತ ಹಿಡಿದು ಕಬ್ಬಿಣದ ಪುಡಿ ಉದುರಿಸಿ ನೋಡಿಸಿದೆ. ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ನಿಲ್ಲುತ್ತದೆ. ಸಣ್ಣದಾಗಿದ್ದರೆ ಪಿನ್ ಹಾಕಿ ಹೊಲಿಯಬಹುದು. ಆಮೇಲೆ ನೀರಿನ ದಾರಿಗೆ ಒತ್ತಡ ಕೊಟ್ಟು ಪರೀಕ್ಷೆ. ಇದು ಮುಗಿಯುವ ತನಕ ಹೆಡ್ಡನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲೇ ಇಲ್ಲ. ಎಣ್ಣೆ ದಾರಿಯನ್ನೂ ಬದಲಿಸಿದೆ. ಹಳೇ ಏರ್ಪಾಡಿನಲ್ಲಿ ಸ್ವಲ್ಪ ಎಣ್ಣೆ ಮಾತ್ರ ಫಿಲ್ಟರಿಗೆ ಹೋಗುತ್ತದೆ. ಈಗ ಪೂರ್ತಿ ಅದರ ಮೂಲಕವೇ ಬರುತ್ತದೆ. ಬೇರಿಂಗ್ ಉಳಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಇನ್ನೊಂದು ರಗಳೆ ಅಗಲದ್ದು. ಈ ಹೆಡ್ ಕೂರಿಸಿದರೆ ಇಂಜಿನ್ ಎರಡೂ ಕಡೆ ಉಬ್ಬುತ್ತದೆ. ಸ್ಟಿಯರಿಂಗ್ ಬಾಕ್ಸ್ ಪಕ್ಕ ಜಾಗ ಮಾಡಿಕೊಳ್ಳದೆ ಗತಿಯಿಲ್ಲ.

ಓಡಿಸುವುದು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಒಣ ಕೆರೆ ಎಲ್ ಮಿರಾಜ್‌ನಲ್ಲಿ. ಓಟ 1.3 ಮೈಲಿ, ವೇಗ ಅಳೆಯುವುದು ಕೊನೆಯಲ್ಲಿ. ಫ್ಲ್ಯಾಟ್‌ಹೆಡ್ ಫೋರ್ಡ್‌ಗಳ ವರ್ಗ ಎಕ್ಸ್‌ಎಫ್, ಆರ್ಡನ್‌ನಂಥ ಹೆಡ್ ಇದ್ದರೆ ಎಕ್ಸ್‌ಎಕ್ಸ್‌ಎಫ್. ಹೊಸ ಚಾಲಕನನ್ನು ಏಕಾಏಕಿ ಬಿಡುವುದಿಲ್ಲ. ಮೊದಲು ಗಂಟೆಗೆ 125 ಮೈಲಿಯೊಳಗೆ ಓಡಿ ತೋರಿಸಬೇಕು, ಆಮೇಲೆ 150, ಆಮೇಲೆ 175. ಇದು ಒಳ್ಳೆಯದೇ. ಮಣ್ಣಿನ ಮೇಲೆ ಪೆಡಲ್ ಜೋರಾಗಿ ಒತ್ತಿದರೆ ಚಕ್ರ ಸುಮ್ನೆ ತಿರುಗುತ್ತದೆ, ಕಾರು ಅಡ್ಡಡ್ಡ ಹೋಗುತ್ತದೆ. ಟಾಪ್ ಗೇರಿನಲ್ಲೂ ಕಾಲು ನಿಧಾನವಾಗಿಯೇ ಇಳಿಯಬೇಕು.

ಟ್ಯೂನಿಂಗ್‌ಗೆ ನಾನು ನಂಬುವುದು ಸ್ಪಾರ್ಕ್ ಪ್ಲಗ್‌ಗಳನ್ನೇ. ಅಳತೆಯ ಗೆರೆ ದಾಟಿದ ಕೂಡಲೇ ಕ್ಲಚ್ ಒತ್ತಿ ಇಗ್ನಿಷನ್ ಆಫ್ ಮಾಡುತ್ತೇನೆ, ಕಾರು ತಾನಾಗಿ ಉರುಳಿ ನಿಲ್ಲಲಿ ಅಂತ. ಐಡಲಿಂಗ್‌ನಲ್ಲಿ ಬಿಟ್ಟರೆ ಪ್ಲಗ್ ಮೇಲೆ ಮಸಿ ಕೂತು, ಪೂರ್ತಿ ವೇಗದಲ್ಲಿ ಏನಾಗಿತ್ತು ಅನ್ನುವುದು ಅಳಿಸಿಹೋಗುತ್ತದೆ. ಪ್ಲಗ್ಗಿನ ಪಿಂಗಾಣಿ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ, ಮುಂದಿನ ಓಟಕ್ಕೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು, ಅಂದರೆ ಜೆಟ್, ದೊಡ್ಡದು. ಕಪ್ಪಗಿದ್ದರೆ ಚಿಕ್ಕದು. ಅಲ್ಲಿನ ಎತ್ತರ 2,800 ಅಡಿಗೂ ಮಿಕ್ಕಿದೆ, ಬಿಸಿಲು ಏರಿದ ಹಾಗೆ ಗಾಳಿ ಇನ್ನೂ ತೆಳ್ಳಗಾಗುತ್ತದೆ. ಬೆಳಗ್ಗೆ ಸರಿಹೋದ ಜೆಟ್ ಮಧ್ಯಾಹ್ನದ ಗಾಳಿಗೆ ಅತಿ ದೊಡ್ಡದು ಅನ್ನಿಸುತ್ತದೆ.

ಈಗ ಯೂಟಾದ ಬಾನ್‌ವಿಲ್ ಉಪ್ಪು ಬಯಲಿಗೆ ತಯಾರಿ ನಡೆದಿದೆ. ಅಲ್ಲಿ ಚಿಕ್ಕ ಟ್ರ್ಯಾಕೇ ಎಲ್ ಮಿರಾಜ್‌ಗಿಂತ ಉದ್ದ. ಅಷ್ಟು ಹೊತ್ತು ಪೂರ್ತಿ ಪೆಡಲ್ ಒತ್ತಿ ಹಿಡಿದರೆ ಎಣ್ಣೆ ಎಷ್ಟು ಕಾಯುತ್ತದೋ ಅನ್ನುವುದೇ ನನ್ನ ಚಿಂತೆ. ಆಯಿಲ್ ಕೂಲರ್ ಎಲ್ಲಿ ಕೂರಿಸುವುದು ಅಂತ ಇನ್ನೂ ಜಾಗ ಹುಡುಕುತ್ತಿದ್ದೇನೆ.